ಹೊಳವು ಕಾಯುವವರು

ಪುನರ್ವಸು ಮಳೆ ಹಿಡಿದ ವಾರದಲ್ಲಿ ಜೋಗಕ್ಕೆ ಹೋದವರ ಕಿವಿಗೆ ಜಲಪಾತ ಸಿಗುತ್ತದೆ, ಕಣ್ಣಿಗೆ ಸಿಗುವ ಖಾತ್ರಿಯಿಲ್ಲ. ಬೆಂಗಳೂರಿನ ಒಂದು ಕುಟುಂಬ, ಗಂಡ ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಬ್ಬ ಅಜ್ಜ, ಜುಲೈ ತಿಂಗಳಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿಯಿತು. ಅಲ್ಲಿಂದ ಬಸ್ಸಿನಲ್ಲಿ ಸುಮಾರು 16 ಕಿ.ಮೀ. ಸಾಗಿ ಜೋಗದ ಕಟಕಟೆಯ ಮುಂದೆ ಕೊಡೆ ಹಿಡಿದು ನಿಂತರೆ, ಎದುರಿಗೆ ಬರೀ ಮಂಜು. 253 ಮೀಟರ್ ಎತ್ತರದಿಂದ ಶರಾವತಿ ಬೀಳುವ ಸದ್ದು ಎದೆಗೆ ತಾಗುತ್ತಿತ್ತು. ಆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲುಗಳು ಒಂದೇ ಬಿಳಿ ಪರದೆಯ ಹಿಂದೆ.

ಎರಡು ತಾಸು ಕಾದರು. ಒಮ್ಮೆ ಅರೆಕ್ಷಣ ರಾಕೆಟ್‌ನ ಒಂದು ಎಳೆ ಕಂಡಂತಾಗಿ ಮತ್ತೆ ಮುಚ್ಚಿತು. ಮಳೆಗಾಲದ ತಿರುಗಾಟ ಬಲ್ಲವರು ಜೋಗಕ್ಕೆ ಒಂದು ಹಗಲನ್ನು ಪೂರ್ತಿ ಬಿಟ್ಟುಕೊಡುತ್ತಾರೆ. ಕಣಿವೆಯ ಮಂಜು ಯಾವಾಗ ಏಳುತ್ತದೆಂದು ಹೇಳಲಾಗದು. ಈ ಕುಟುಂಬಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಮಕ್ಕಳ ಬಟ್ಟೆ ತೊಯ್ದಿತ್ತು, ಅಜ್ಜನಿಗೆ ಚಳಿ ಹತ್ತಿತ್ತು. ವಾಪಸು ತಾಳಗುಪ್ಪದ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ರಸ್ತೆಗೆ ಅಡ್ಡ ಮರ ಬಿದ್ದಿದೆ, ಕಡಿದು ತೆಗೆಯಲು ಹೊತ್ತಾಗುತ್ತದೆ ಎಂದರು ಕಂಡಕ್ಟರ್.

ರಸ್ತೆಯ ಪಕ್ಕದ ದಣಪೆಯ ಆಚೆಯಿಂದ ಒಂದು ದನಿ ಬಂತು. "ಮಕ್ಕಳನ್ನ ಕಟ್ಟಿಕೊಂಡು ಯಾಕೆ ನೆನೀತೀರಿ, ಒಳಗೆ ಬನ್ನಿ."

ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ್ದರು, ಕೆಸರಲ್ಲಿ ಜಾರದ ಹಾಗೆ. ಇರಚಲು ಮಣ್ಣಿನ ಗೋಡೆಗೆ ಬಡಿಯದಂತೆ ಜಗುಲಿಯ ಪಕ್ಕಕ್ಕೆ ಸೋಗೆಯ ತಟ್ಟಿ ಕಟ್ಟಿತ್ತು. ದೀವರ ಸಮುದಾಯದ ಮನೆ ಅದು. ಹಿರಿಯಾಕೆಗೆ ಎಪ್ಪತ್ತು ದಾಟಿರಬೇಕು. ಮೊದಲು ಸುಣ್ಣದ ಡಬ್ಬಿ ತಂದು ಮಕ್ಕಳ ಕಾಲಿನ ಉಂಬಳ ಬಿಡಿಸಿದರು, ಆಮೇಲೆ ಬೆಲ್ಲದ ಕಾಫಿ ಕೊಟ್ಟರು. ಬೆಳಿಗ್ಗೆಯಿಂದ ಕರೆಂಟಿಲ್ಲ ಎಂದರು. ಬಿದ್ದ ಮರ ತಂತಿಯನ್ನೂ ಎಳೆದುಕೊಂಡು ಬಿದ್ದಿತ್ತು.

ಜಗುಲಿಯ ಮಬ್ಬಿನಲ್ಲಿ ಮಕ್ಕಳ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಯ ಮೇಲಿನ ಹಸೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚೌಕದೊಳಗೆ ಚೌಕ, ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು ಒಂದರ ಪಕ್ಕ ಒಂದು, ಎಲ್ಲೂ ತಾಗದೆ, ಎಲ್ಲೂ ತಪ್ಪದೆ. ದೀವರ ಹೆಂಗಸರು ಮದುವೆಗೆ ಬರೆಯುವ ಚಿತ್ತಾರವಿದು. ಅಕ್ಕಿ ಅರೆದರೆ ಬಿಳಿ, ಅಕ್ಕಿಯನ್ನು ಕಪ್ಪಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿ ನಾರು. ಅಳತೆಪಟ್ಟಿ ಇಲ್ಲ, ಕೈಯೇ ಅಳತೆ. ಚೌಕಟ್ಟು ಹಾಕಿ ಮಾರುವ ಹಸೆ ಈಗ ಪೇಟೆಯಲ್ಲೂ ಸಿಗುತ್ತದೆ, ಅದರಿಂದ ಕೆಲವು ಮನೆಗಳಿಗೆ ಆದಾಯವೂ ಆಗಿದೆ. ಆದರೂ ಹಸೆಯನ್ನು ನೋಡಬೇಕಾದದ್ದು ಅದನ್ನು ಬರೆದ ಗೋಡೆಯ ಮೇಲೆಯೇ. ಆ ಗೋಡೆಯ ಉಬ್ಬುತಗ್ಗಿನ ಮೇಲೆ ಗೆರೆ ಹೇಗೆ ಸೊಟ್ಟಗಾಗದೆ ನಡೆದಿದೆ ಎನ್ನುವುದರಲ್ಲೇ ಬರೆದವಳ ಕೈಗುಣ ಕಾಣುತ್ತದೆ.

"ಕೈ ಹಚ್ಚಬೇಡ ತಂಗಿ, ಗೋಡೆ ಥಂಡಿ ಹಿಡಿದಿದೆ, ಬಣ್ಣ ಏಳ್ತದೆ," ಎಂದರು ಹಿರಿಯಾಕೆ. ಎರಡು ವರ್ಷದ ಹಿಂದೆ ಮೊಮ್ಮಗನ ಮದುವೆಗೆ ಅವರೇ ಬರೆದದ್ದು. ಮಾಡಿನ ಜಂತಿಗೆ ಒಂದು ಬುಟ್ಟಿಯೂ ತೂಗುತ್ತಿತ್ತು. ಮೈತುಂಬ ಅದೇ ಗೆರೆ. ಅದು ಭೂಮಿ ಹುಣ್ಣಿಮೆಯ ಬುಟ್ಟಿ. ಆಶ್ವಯುಜದ ಹುಣ್ಣಿಮೆಯ ನಸುಕಿನಲ್ಲಿ, ತೆನೆ ಬರುವ ಹೊತ್ತಿನ ಗದ್ದೆಗೆ ಬಸುರಿಯ ಬಯಕೆ ತೀರಿಸುವಂತೆ ಅಡುಗೆ ಹೊತ್ತೊಯ್ದು ಬೀರುವುದು ಅದರಲ್ಲೇ.

ಅಜ್ಜ ಮಾತಿಗೆ ಕೂತರು. ತವರು ಎಲ್ಲಿ ಎಂದು ಕೇಳಿದ್ದಕ್ಕೆ ಆಕೆ ಕೈ ಎತ್ತಿ ಮಳೆಯ ಕಡೆ ತೋರಿಸಿದರು. ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಬಿಡುವಾಗ ಆಕೆ ಇನ್ನೂ ಹುಡುಗಿ. ಎತ್ತಿನಗಾಡಿಯಲ್ಲಿ ಭತ್ತದ ಮೂಟೆ, ಪಾತ್ರೆ ಎಲ್ಲ ಬಂದವು, ಒರಳುಕಲ್ಲು ಮಾತ್ರ ಅಲ್ಲೇ ಉಳಿಯಿತು ಎಂದರು. ಶರಾವತಿಗೆ ಅದಕ್ಕೂ ಮೊದಲೇ, 1948ರಲ್ಲಿ, ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತ್ತು. ಲಿಂಗನಮಕ್ಕಿಯ ನೀರು ಆ ಅಣೆಕಟ್ಟನ್ನೂ ಮುಳುಗಿಸಿತು. ಇದೇ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ಎಷ್ಟೋ ಪೇಟೆಗಳ ದೀಪ ಉರಿದದ್ದು ಅದರಿಂದ. ಅಜ್ಜ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಜೋಗಕ್ಕೆ ಹೋಗುವ ಪ್ರತಿ ಬಸ್ಸೂ ಇಂಥವರ ಮನೆ ಮುಂದೆಯೇ ಹಾದುಹೋಗುತ್ತದೆ. ಕಟಕಟೆಯ ಬಳಿ ನಿಂತು ನೀರು ನೋಡುವವರು ಈ ಕತೆಯನ್ನೂ ಒಮ್ಮೆ ಕೇಳಿಸಿಕೊಳ್ಳಬೇಕು.

ಮಧ್ಯಾಹ್ನ ಎರಡರ ಸುಮಾರಿಗೆ ಮಳೆ ನಿಂತು, ಅಂಗಳ ಬೆಳಗಿತು. "ಹೊಳವಾಯ್ತು!" ಎಂದು ಮನೆಯ ಯಜಮಾನ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದರು. ಬಸ್ಸಿನ ದಾರಿಯೂ ಆಗಲೇ ತೆರೆದಿತ್ತು. ಜೋಗದ ಮಂಜೂ ಈಗ ಎದ್ದಿರಬಹುದು ಎಂದು ಕಂಡಕ್ಟರ್ ಬಂದು ಹೇಳಿದರು. ಬಂದವರಲ್ಲಿ ಯಾರೂ ಬಸ್ಸಿಗೆಂದು ಏಳಲಿಲ್ಲ. ಬದಲಿಗೆ ಮಕ್ಕಳ ಅಪ್ಪ ಯಜಮಾನನ ಹಿಂದೆ ತೋಟಕ್ಕೆ ನಡೆದರು.

ಅಡಿಕೆಗೆ ಕೊಳೆರೋಗ ಬರುವುದು ಬಿಡದೆ ಹೊಯ್ಯುವ ಮಳೆಯಲ್ಲಿ. ಹಸಿರು ಕಾಯಿಗಳು ಕೊನೆಯಿಂದ ಕಳಚಿ ಬೀಳುತ್ತವೆ. ಅದನ್ನು ತಡೆಯುವ ಮದ್ದು ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಹೊಡೆದ ಮದ್ದು ಕಾಯಿಗೆ ಹಿಡಿಯಲು ಸ್ವಲ್ಪ ಹೊತ್ತಾದರೂ ಮಳೆ ಬಿಟ್ಟಿರಬೇಕು. ಆ ಹೊತ್ತಿಗಾಗಿ ಇಡೀ ಮನೆ ಒಂದು ವಾರದಿಂದ ಕಾದಿತ್ತು. ಪಕ್ಕದ ಮನೆಯ, ಅಡಿಕೆ ಮರ ಹತ್ತುವ ಕೊನೆಗೌಡನೂ ತಯಾರಾಗಿ ಕೂತಿದ್ದ. ಯಜಮಾನ ಡ್ರಮ್ಮಿನ ದ್ರಾವಣಕ್ಕೆ ಕತ್ತಿ ಅದ್ದಿ ತೆಗೆದು ಬೆಳಕಿಗೆ ಹಿಡಿದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಕೆಂಪು ಕೂತಿತ್ತು. ಇನ್ನೊಂದು ಬೊಗಸೆ ಸುಣ್ಣದ ತಿಳಿ ಸೇರಿಸಿ, ಕೋಲಿನಿಂದ ತಿರುಗಿಸುವ ಕೆಲಸ ಬೆಂಗಳೂರಿನವರ ಪಾಲಿಗೆ ಬಂತು. ಕೊನೆಗೌಡ ಮರ ಹತ್ತಿ, ಮರದಿಂದ ಮರಕ್ಕೆ ದಾಟುತ್ತ ಸಿಂಪಡಿಸಿದ. ಮುಕ್ಕಾಲು ತಾಸಿನಲ್ಲಿ ಮಳೆ ಮರಳಿತು. ಅರ್ಧ ತೋಟ ಮುಗಿದಿತ್ತು.

ಊಟಕ್ಕೆ ಕಳಲೆ ಪಲ್ಯ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಭೌಗೋಳಿಕ ಮಾನ್ಯತೆ ಪಡೆದ ಆ ಮಿಡಿಯ ಕಂಪು ಮಳೆಯ ದಿನ, ಒಲೆಯ ಹೊಗೆಯ ಜೊತೆ ಇನ್ನಷ್ಟು ಚೆನ್ನಾಗಿ ಏಳುತ್ತದೆ. ಮಕ್ಕಳ ಅಮ್ಮ ಕಳಲೆಯನ್ನು ಎರಡು ಸಲ ಬಡಿಸಿಕೊಂಡರು.

ಸಂಜೆ ಹೊರಡುವಾಗ ಹಿರಿಯಾಕೆ ಹೆಚ್ಚಿಟ್ಟಿದ್ದ ಬೇಲಿಯ ಬಿದಿರಿನ ಕಳಲೆಯನ್ನು ನೀರಿನ ಸಮೇತ ಡಬ್ಬಿಗೆ ತುಂಬಿ ಕೊಟ್ಟರು. "ನಿನ್ನೆ ನೆನೆಹಾಕಿದ್ದು. ವಿಷ ಇರ್ತದೆ, ಇನ್ನೆರಡು ದಿನ ನೀರು ಬದಲಿಸಿ ಮಾಡಿ." ರಾತ್ರಿ ಶಿವಮೊಗ್ಗ ದಾಟುವಾಗ ಮಕ್ಕಳು ಮಲಗಿದ್ದರು. ಬೆಂಗಳೂರಿನಲ್ಲಿ ಇಳಿದಾಗ ಇನ್ನೂ ಕತ್ತಲು. ಮನೆ ಬಾಗಿಲು ತೆರೆದು, ದೀಪ ಹಾಕಿ, ಅಜ್ಜ ಚೀಲವನ್ನೂ ಇಳಿಸದೆ ಅಡುಗೆಮನೆಗೆ ಹೋಗಿ ಡಬ್ಬಿಯ ನೀರು ಬದಲಿಸಿದರು.