ಒಂದೇ ಕೇರಿಯ ತರಬೇತಿ

ಹೊಸ ಸಭಾಪಾಲಕರನ್ನು ತಯಾರು ಮಾಡಲು ‘ರೆಸಿಡೆನ್ಸಿ’ಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ ಎಂಬ ಮಾತು ದೊಡ್ಡ ಊರುಗಳ ಇಂಗ್ಲಿಷ್ ಸಭೆಗಳನ್ನು ದಾಟಿ ನಮ್ಮ ಕಡೆಗೂ ಬರುತ್ತಿದೆ. ಕಾಲೇಜು ಮುಗಿಸಿದ ಹುಡುಗ ಒಂದೆರಡು ವರ್ಷ ಒಂದು ಸಭೆಯಲ್ಲೇ ಇರಬೇಕು. ಹಿರಿಯ ಪಾಸ್ಟರ ಜೊತೆ ಓಡಾಡಿ ಪ್ರಸಂಗ, ಮದುವೆ, ಮಣ್ಣು, ಹಿರಿಯರ ಕಮಿಟಿ ಎಲ್ಲವನ್ನೂ ಕಲಿಯಬೇಕು. ಹೊಗಳುವವರು ಇದನ್ನು ಅಮೆರಿಕದ ಈಚಿನ ಕೊಡುಗೆ ಎಂಬಂತೆ ಹೇಳುತ್ತಾರೆ. ಮದ್ದಿಕೇರ, ಪತ್ತಿಕೊಂಡ, ಆಲೂರು, ಆದೋನಿಯ ಸಭೆಗಳಿಗೆ ಇದು ಈಗಿರುವ ರೂಪದಲ್ಲಿ ಹೊಂದುವುದಿಲ್ಲ ಎಂದು ನಾನು ನಂಬಿದ್ದೇನೆ. ಇದಕ್ಕಿಂತ ಗಟ್ಟಿಯಾದ ತರಬೇತಿಯೊಂದು ನೂರು ವರ್ಷದ ಹಿಂದೆಯೇ ತೆಲುಗು ನಾಡಿನ ದೋರ್ನಕಲ್ ಡಯಾಸಿಸಿನಲ್ಲಿ ನಡೆದಿತ್ತು. ಆಗ ಕರ್ನೂಲು ಜಿಲ್ಲೆಯಲ್ಲಿದ್ದ ನಂದ್ಯಾಲದ ಕಡೆಯ ಸಭೆಗಳೂ ಅದರೊಳಗೇ ಇದ್ದವು. ಆ ಕೆಲಸವನ್ನು ಈಗ ಯಾರೂ ಎತ್ತಿ ಆಡುವುದಿಲ್ಲ.

ಹಿನ್ನೆಲೆ ಓದುಗರಿಗೆ ಗೊತ್ತಿದ್ದದ್ದೇ: 1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು, 1953ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ಆಂಧ್ರಕ್ಕೆ ಸೇರಿದವು. ಇವುಗಳಿಂದಾದ ಒಂದು ಸಂಗತಿಯನ್ನಷ್ಟೇ ಇಲ್ಲಿ ಹಿಡಿದುಕೊಳ್ಳುತ್ತೇನೆ. ಈ ಭಾಗದ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆ ತೆಲುಗು, ಪಾಸ್ಟರಾಗುವವನು ಓದುವ ದೇವಶಾಸ್ತ್ರ ಇಂಗ್ಲಿಷು.

ರೆಸಿಡೆನ್ಸಿಯಲ್ಲಿ ಒಳ್ಳೆಯದಿಲ್ಲವೆಂದಲ್ಲ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಪದವಿ ಪಡೆದು, ಒಂದು ಹೆಣದ ಮುಂದೆಯೂ ನಿಂತು ಪ್ರಾರ್ಥಿಸದೆ ಸಭೆ ವಹಿಸಿಕೊಳ್ಳುವ ಹುಡುಗರಿಗೆ ಅದು ಬೇಕು. ಆದರೆ ಅದರ ಮಾದರಿಯೆಂದು ಎಲ್ಲರೂ ತೋರಿಸುವ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್ ಬ್ಯಾಪ್ಟಿಸ್ಟ್ ಸಭೆಯನ್ನು ಹತ್ತಿರದಿಂದ ನೋಡಬೇಕು. ಪಾಸ್ಟರ್ ಮಾರ್ಕ್ ಡೆವರ್ ಅಲ್ಲಿ ಕಟ್ಟಿದ ಕ್ರಮದಲ್ಲಿ ಯುವಕರು ಸುಮಾರು ಐದು ತಿಂಗಳು ಇದ್ದು, ಪುಸ್ತಕಗಳನ್ನು ಓದಿ ಪ್ರಬಂಧ ಬರೆಯುತ್ತಾರೆ, ಹಿರಿಯರ ಸಭೆಯಲ್ಲಿ ಕೂತು ನೋಡುತ್ತಾರೆ. ಅದರ ಹೆಸರಾಂತ ಅಂಗವೆಂದರೆ ಭಾನುವಾರದ ಆರಾಧನೆ ಮುಗಿದ ಮೇಲೆ ನಡೆಯುವ ವಿಮರ್ಶೆ. ಪ್ರಸಂಗ, ಪ್ರಾರ್ಥನೆ, ಹಾಡು, ಸತ್ಯವೇದದ ವಾಚನ ಒಂದೊಂದನ್ನೂ ಎತ್ತಿಕೊಂಡು ಎಲ್ಲಿ ಚೆನ್ನಾಯಿತು, ಎಲ್ಲಿ ತಪ್ಪಿತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರೆ. ಹಿರಿಯ ಪಾಸ್ಟರ ಪ್ರಸಂಗವೂ ಈ ಪರೀಕ್ಷೆಯಿಂದ ಹೊರತಲ್ಲ.

ಇದನ್ನು ಮೆಚ್ಚದಿರುವುದು ಕಷ್ಟ. ದೊಡ್ಡವರ ಮಾತನ್ನು ಎದುರಿಗೇ ತೂಗುವ ಅಭ್ಯಾಸ ನಮ್ಮ ಸಭೆಗಳಲ್ಲಿ ಬಹಳ ಕಡಿಮೆ. ಅಯ್ಯನವರ ಪ್ರಸಂಗ ಉದ್ದವಾಯಿತೆಂದು ಹೇಳಬಲ್ಲ ಉಪದೇಶಿ ಎಲ್ಲಿದ್ದಾನೆ? ಆದರೂ ವಿಮರ್ಶೆಯ ಆ ವರ್ತುಲದಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅಲ್ಲಿರುವವರು ಪ್ರಸಂಗ ಮಾಡುವವರು, ಮುಂದೆ ಮಾಡಲಿರುವವರು. ಕೇಳಿದವರು ಎದ್ದು ಮನೆಗೆ ಹೋಗಿದ್ದಾರೆ. ವಾಕ್ಯಭಾಗವನ್ನು ಸರಿಯಾಗಿ ಬಿಡಿಸಿದನೇ, ಒಳಭಾಗಗಳು ಸ್ಪಷ್ಟವಿದ್ದವೇ, ಅನ್ವಯ ಚುರುಕಾಗಿತ್ತೇ ಎಂದು ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನನ್ನು ಅಳೆಯುತ್ತಾನೆ. ಹಾಗೆ ಬೆಳೆದವನಿಗೆ ತನ್ನ ಗುರುವಿನ ಕಿವಿಯೇ ಸಭೆಯ ಕಿವಿಯಾಗುತ್ತದೆ. ವಾಷಿಂಗ್ಟನ್ನಿನಲ್ಲಿ ಗುರುವಿಗೂ ಕೇಳುಗರಿಗೂ ಓದಿನಲ್ಲಿ ಅಂತರ ಕಡಿಮೆ, ನಡೆದೀತು. ಕನ್ನಡದಲ್ಲಿ ಅಳುವ ಮುದುಕಿಗೆ ಇಂಗ್ಲಿಷಿನಲ್ಲಿ ಯೋಚಿಸಿ ತೆಲುಗಿನಲ್ಲಿ ಸಾಂತ್ವನ ಹೇಳುವ ಹುಡುಗನ ತಪ್ಪನ್ನು ಆ ವರ್ತುಲ ಹಿಡಿಯಲಾರದು. ಅದನ್ನು ಹಿಡಿಯಬಲ್ಲವಳು ಆ ಮುದುಕಿ ಒಬ್ಬಳೇ, ಅವಳನ್ನು ಯಾರೂ ಕೇಳಿಲ್ಲ.

ಇನ್ನೂ ದೊಡ್ಡ ತೊಡಕು ಗುಳೆಯದು. ಆದೋನಿ, ಕೋಸಿಗಿ, ಮಂತ್ರಾಲಯ, ಕೌತಾಳದ ಹಳ್ಳಿಗಳಿಂದ ಖಾರೀಫ್ ಮುಗಿದ ಮೇಲೆ ಕುಟುಂಬಗಳು ಮನೆಗೆ ಬೀಗ ಹಾಕಿ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೊರಡುತ್ತವೆ. ಶಾಲೆಯ ಮಕ್ಕಳೂ ಹೋಗುತ್ತಾರೆ. ತಿಂಗಳುಗಟ್ಟಲೆ ಸಭೆಯ ಅರ್ಧಕ್ಕೂ ಹೆಚ್ಚು ಜನ ಊರಲ್ಲಿರದ ಕಡೆ ‘ಸ್ಥಳೀಯ ಸಭೆಯಲ್ಲಿ ನೆಲೆ ನಿಲ್ಲುವುದು’ ಎಂದರೆ ಯಾವುದು? ಹುಡುಗ ಚರ್ಚಿನ ಕಟ್ಟಡದ ಪಕ್ಕದ ಕೋಣೆಯಲ್ಲಿದ್ದು ಉಳಿದ ಮುದುಕರಿಗೆ ಪ್ರಸಂಗ ಮಾಡಿದರೆ ರೆಸಿಡೆನ್ಸಿಯ ಕಾಗದದ ಲೆಕ್ಕ ಪೂರ್ತಿಯಾಗುತ್ತದೆ. ಸಭೆ ಮಾತ್ರ ಗುಂಟೂರಿನ ಹೊಲದಂಚಿನ ಗುಡಿಸಲುಗಳಲ್ಲಿ, ಕೂಲಿಯ ಜಗಳ, ಮಕ್ಕಳ ಜ್ವರ, ಮುಂಗಡದ ಸಾಲಗಳ ನಡುವೆ ಇರುತ್ತದೆ. ನಾನು ಓದಿದ ಯಾವ ರೆಸಿಡೆನ್ಸಿಯ ಕೈಪಿಡಿಯಲ್ಲೂ ಸಭೆಯೇ ಎದ್ದು ಹೋಗಬಹುದೆಂಬ ಯೋಚನೆ ಇಲ್ಲ.

ಈಗ ದೋರ್ನಕಲ್. 1909ರಲ್ಲಿ ತಿರುನಲ್ವೇಲಿಯ ವಿ. ಎಸ್. ಅಜರಯ್ಯ ಅಲ್ಲಿಗೆ ಬಂದರು. ತಮಿಳಿನವರು, ತೆಲುಗನ್ನು ಕಲಿತೇ ಕೆಲಸ ಹಿಡಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅವರೇ. 1935ರ ಹೊತ್ತಿಗೆ ಡಯಾಸಿಸಿನಲ್ಲಿ ಸುಮಾರು 250 ಮಂದಿ ಭಾರತೀಯ ಪಾದ್ರಿಗಳು, 2,000ಕ್ಕೂ ಹೆಚ್ಚು ಹಳ್ಳಿಯ ಉಪದೇಶಿಗಳು ಇದ್ದರು. ಸಂಖ್ಯೆಗಿಂತ ನನಗೆ ಮುಖ್ಯವಾದದ್ದು ಕಲಿಕೆಯ ಕ್ರಮ. ಮೊದಲು ಹಳ್ಳಿಯ ಕೆಲಸ: ಅಕ್ಷರ ಕಲಿಸುವುದು, ಪ್ರಾರ್ಥನೆ ನಡೆಸುವುದು, ರೋಗಿಗಳ ಬಳಿ ಕೂರುವುದು. ಹಾಗೆ ಕೆಲಸದಲ್ಲಿ ತೂಗಿ ನೋಡಿದವರನ್ನು ಆಮೇಲೆ ಹೆಂಡತಿ ಮಕ್ಕಳ ಸಮೇತ ದೋರ್ನಕಲ್ಲಿಗೆ ಕರೆಸುವುದು. ಅಲ್ಲಿ ಪಾಠ ತೆಲುಗಿನಲ್ಲಿ, ಹೆಂಡತಿಯರಿಗೂ ಪಾಠವಿತ್ತು. ಆಮೇಲೆ ಮತ್ತೆ ಹಳ್ಳಿ. ಇಂದಿನ ರೆಸಿಡೆನ್ಸಿ ಹಿಡಿದಿರುವ ದಾರಿ ಇದಕ್ಕೆ ತಿರುಗುಮುರುಗು: ಮೊದಲು ಪದವಿ, ಆಮೇಲೆ ಅರ್ಜಿ, ಕೊನೆಗೆ ಜನ. ಹುಡುಗ ತನ್ನನ್ನು ತಾನೇ ಆರಿಸಿಕೊಂಡು ಬರುತ್ತಾನೆ. ದೋರ್ನಕಲ್ಲಿನಲ್ಲಿ ಅವನ ಪರವಾಗಿ ಮಾತಾಡುತ್ತಿದ್ದದ್ದು ಅವನು ಹಳ್ಳಿಯಲ್ಲಿ ಮಾಡಿದ ಕೆಲಸ.

ಅಜರಯ್ಯನವರು ದೀಕ್ಷಾಸ್ನಾನಕ್ಕೆ ಬಂದ ಒಬ್ಬೊಬ್ಬರಿಂದಲೂ ಅವರವರದೇ ತಲೆಯ ಮೇಲೆ ಕೈ ಇಡಿಸಿ, ಸುವಾರ್ತೆ ಸಾರುವ ಹೊಣೆಯ ಬಗ್ಗೆ ಪೌಲನಾಡಿದ ಮಾತನ್ನು ಹೇಳಿಸುತ್ತಿದ್ದರು. ಕೂಲಿಯವಳೂ ಅದನ್ನು ಹೇಳಬೇಕಿತ್ತು. ಸಭೆಯ ಎಲ್ಲರೂ ಹೊಣೆ ಹೊತ್ತ ಕಡೆ ಪಾಸ್ಟರ ತರಬೇತಿಯನ್ನು ಒಬ್ಬ ಗುರು, ಒಬ್ಬ ಶಿಷ್ಯರ ನಡುವಿನ ವ್ಯವಹಾರವಾಗಿ ಯಾರೂ ಕಾಣುವುದಿಲ್ಲ.

ಇನ್ನು ಬಾಯಿಬಿಟ್ಟು ಹೇಳಲೇಬೇಕಾದ ವಿಷಯ ಜಾತಿ. ಈ ಸೀಮೆಯಲ್ಲಿ ‘ಸ್ಥಳೀಯ ಸಭೆ’ ಎಂದರೆ ಎಷ್ಟೋ ಕಡೆ ಒಂದೇ ಕೇರಿಯ ಸಭೆ: ಇದು ಮಾಲರದು, ಅದು ಮಾದಿಗರದು. ಒಂದೇ ಸಭೆಯಲ್ಲಿ ಎರಡು ವರ್ಷ ಆಳವಾಗಿ ಬೇರುಬಿಟ್ಟವನು ಆ ಕೇರಿಯ ಪ್ರೀತಿಯನ್ನೂ ಸಿಟ್ಟನ್ನೂ ಒಟ್ಟಿಗೇ ಕಲಿಯುತ್ತಾನೆ. ರೆಸಿಡೆನ್ಸಿಯ ದೊಡ್ಡ ಗುಣವೆಂದು ಹೊಗಳುವ ಆಳವೇ ಇಲ್ಲಿ ಅವನಿಗೆ ಮುಳುವಾಗುತ್ತದೆ. ದೋರ್ನಕಲ್ಲಿನಲ್ಲಿ ಎರಡೂ ಕೇರಿಗಳಿಂದ ಬಂದ ಕುಟುಂಬಗಳು ಒಂದೇ ಆವರಣದಲ್ಲಿ ಬದುಕಬೇಕಿತ್ತು, ಒಂದೇ ಕರ್ತನ ಭೋಜನಕ್ಕೆ ಕೂರಬೇಕಿತ್ತು. ಅಷ್ಟರಿಂದ ಜಾತಿ ಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ಪಾದ್ರಿಯಾಗುವವನು ಅದನ್ನು ಎದುರಿಸದೆ ಮುಂದೆ ಹೋಗಲು ಆಗುತ್ತಿರಲಿಲ್ಲ.

ರೋಲಂಡ್ ಅಲೆನ್ನರ ಅಭಿಮಾನಿಗಳು ದೋರ್ನಕಲ್ಲಿನ ಈ ಹೊಗಳಿಕೆಯನ್ನು ಒಪ್ಪುವುದಿಲ್ಲ. ಮಿಷನರಿ ವಿಧಾನಗಳನ್ನು ಪೌಲನ ವಿಧಾನಕ್ಕೆ ಹೋಲಿಸಿ ಖಂಡಿಸಿದ ಅಲೆನ್ನರ ಪುಸ್ತಕ ಬಂದದ್ದೂ 1912ರಲ್ಲೇ. ಅದಕ್ಕೆ ಮುನ್ನುಡಿ ಬರೆದವರು ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಅಜರಯ್ಯ ಬಿಷಪ್ ಆಗಬೇಕೆಂದು ಪಟ್ಟುಹಿಡಿದವರೂ ಅವರೇ. ಪೌಲನು ಕೆಲವೇ ತಿಂಗಳಲ್ಲಿ ಸಭೆ ನೆಟ್ಟು, ಅಲ್ಲಿನವರನ್ನೇ ಹಿರಿಯರನ್ನಾಗಿ ಇಟ್ಟು ಮುಂದೆ ನಡೆದ. ಮಿಷನ್ನುಗಳು ಸಂಬಳದ ಹಗ್ಗ ಕಟ್ಟಿ ಆಳುಗಳನ್ನು ಸಾಕಿದವು. ದೋರ್ನಕಲ್ಲಿನ ಉಪದೇಶಿಗಳ ಪಡೆಯೂ ಅಂಥದ್ದೇ ಎಂಬುದು ಇವರ ವಾದ. ಸಂಬಳದ ಮಾತು ನಿಜ, ಅದರಿಂದ ಸಭೆಗಳು ಸೊರಗಿದ್ದೂ ನಿಜ. ಅದನ್ನು ತಿಳಿದೇ ಅಜರಯ್ಯ ಕ್ರೈಸ್ತರು ಕೊಡುವ ಕಾಣಿಕೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆದರೆ ಪೌಲನ ಸಭೆಗಳಲ್ಲಿ ಧರ್ಮಶಾಸ್ತ್ರವನ್ನು ಯೆಹೂದ್ಯರ ಸಿನಗಾಗಿನಲ್ಲಿ ಕೇಳಿ ಬೆಳೆದವರಿದ್ದರು. ನಮ್ಮ ಕೇರಿಗಳಲ್ಲಿ ಓದಬಲ್ಲ ಮೊದಲ ಮನುಷ್ಯನೇ ಎಷ್ಟೋ ಸಲ ಆ ಸಂಬಳದ ಉಪದೇಶಿ. ಈ ಆಕ್ಷೇಪ ಬರುತ್ತದೆಂದು ಅಲೆನ್ನರಿಗೆ ಗೊತ್ತಿತ್ತು, ಉತ್ತರವನ್ನೂ ಕೊಟ್ಟಿದ್ದಾರೆ. ಸಿನಗಾಗಿನಿಂದ ಬಂದವರು ಕಡಿಮೆಯೇ ಇದ್ದರು ಎಂಬ ಆ ಉತ್ತರ ನನಗೆ ಸಾಲದು. ಕಡಿಮೆ ಎಂದರೂ ಓದಿ ಹೇಳಲು ಒಬ್ಬಿಬ್ಬರು ಸಾಕು, ಇಲ್ಲಿ ಅವರೂ ಇರಲಿಲ್ಲ. ಸಂಬಳವಿಲ್ಲದ ಹಿರಿಯರೇ ಸಾಕು ಎನ್ನುವವರು ಇನ್ನೊಂದು ಮಾತಿಗೂ ಉತ್ತರ ಕೊಡಬೇಕು: ಆ ಹಿರಿಯನೂ ಕೂಲಿಯವನೇ, ಅವನೂ ಗುಳೆ ಹೋದಾಗ ಊರಲ್ಲುಳಿದ ಮುದುಕರು ತೀರಿಕೊಂಡರೆ ಮಣ್ಣು ಮಾಡುವವರು ಯಾರು?

ರೆಸಿಡೆನ್ಸಿಯನ್ನು ಇಲ್ಲಿ ನಡೆಸಲೇಬೇಕೆಂದರೆ ಒಬ್ಬ ಹುಡುಗನನ್ನು ಎರಡು ಕೇರಿಗಳ ಸಭೆಗಳಿಗೆ ಒಟ್ಟಿಗೆ ಒಪ್ಪಿಸಲಿ. ಗುಳೆಯ ತಿಂಗಳುಗಳನ್ನು ಅವನು ಗುಂಟೂರಿನ ಹೊಲಗಳಲ್ಲಿ ಜನರ ಜೊತೆ ಕಳೆಯಲಿ. ಅವನ ಪ್ರಸಂಗವನ್ನು ತೂಗಲು ಕೂಲಿಯ ಹೆಂಗಸರನ್ನು ಕರೆಯಲಿ, ಅವರ ಮಾತಿನಲ್ಲೇ ಮಾತಾಡಲಿ. ಎಲ್ಲಕ್ಕಿಂತ ಮೊದಲು, ಅವನಿಗೆ ಮದುವೆಯಾಗಿದ್ದರೆ, ಹಿರಿಯರು ಅವನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಅವಳಿಗೆ ಏನು ಕಲಿಸುತ್ತೇವೆ, ಆ ಎರಡು ವರ್ಷ ಮನೆ ನಡೆಯಲು ಎಷ್ಟು ಕೊಡುತ್ತೇವೆ ಎಂಬುದನ್ನು ಕಮಿಟಿಯ ಪುಸ್ತಕದಲ್ಲಿ ಬರೆದಿಡಲಿ.