ಆಸ್ತಿಯ ಲೆಕ್ಕ ಮತ್ತು ಬಾಳಿನ ಲೆಕ್ಕ

ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳ ತಂದೆತಾಯಿಗಳನ್ನು ಕಡೆಯವರೆಗೂ ಕಾಡುವ ಪ್ರಶ್ನೆ ಒಂದೇ: ‘ನಮ್ಮ ಕಾಲಾನಂತರ ಇವರ ಗತಿಯೇನು?’ ಭದ್ರಾವತಿಯಂತಹ ಊರಿನಲ್ಲಿ ಇದು ಇನ್ನಷ್ಟು ತೀಕ್ಷ್ಣವಾಗುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಕಾರ್ಮಿಕನಿಗೆ ಸಂಬಳದೊಡನೆ ವಸತಿಯನ್ನೂ ನೆರೆಹೊರೆಯನ್ನೂ ಕೊಟ್ಟಿದ್ದವು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ನೆರೆಹೊರೆ ಚದುರಿದ ಮೇಲೆ, ಬೀದಿಯವರ ಪರಿಚಯವನ್ನೇ ಆಶ್ರಯಿಸಿ ಬಾಳಿದವನಿಗೆ ಉಳಿಯುವ ದಾರಿ ವಸತಿಧಾಮವೇ.

ಇಂತಹವರ ರಕ್ಷಣೆಗೆಂದು 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ ಬಂದಿತು. ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಯು ಪಾಲಕನನ್ನು ನೇಮಿಸುತ್ತದೆ. ಪಾಲಕನು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು. ಪ್ರತಿವರ್ಷ ಅದರ ಲೆಕ್ಕ ಕೊಡಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ವರ್ತಕರಿಗೆ ಈ ಭಾಷೆ ಸುಪರಿಚಿತ. ಆದರೆ ಲೆಕ್ಕವಿರುವುದು ನಿವೇಶನಕ್ಕೆ, ಠೇವಣಿಗೆ. ಆ ಮನುಷ್ಯನ ದಿನಗಳು ಹೇಗೆ ಕಳೆದವೆಂಬುದಕ್ಕೆ ಅಂತಹ ವಾರ್ಷಿಕ ಲೆಕ್ಕವಿಲ್ಲ.

ಹಿಂಸೆ ಅಥವಾ ನಿರ್ಲಕ್ಷ್ಯ ಕಂಡುಬಂದರೆ ಪಾಲಕನನ್ನು ತೆಗೆದುಹಾಕಲು ಅವಕಾಶವುಂಟು, ನಿಜ. ಆದರೆ ಅದಕ್ಕಾಗಿ ಅರ್ಜಿ ಸಲ್ಲಿಸಬಲ್ಲವರು ತಂದೆತಾಯಿ, ಬಂಧುಗಳು ಮತ್ತು ನೋಂದಾಯಿತ ಸಂಸ್ಥೆಗಳು. ಪಾಲನೆಗೊಳಗಾದವನ ಹೆಸರೇ ಆ ಸಾಲಿನಲ್ಲಿಲ್ಲ! ತಂದೆತಾಯಿ ಗತಿಸಿ, ಬಂಧುಗಳು ದೂರವಾದ ಮೇಲೆ ದೂರುವವರಾರು?

‘ನಡೆಸುವವರು ಸಜ್ಜನರಾದರೆ ಸಾಲದೇ?’ ಎಂದು ಕೆಲವರು ಕೇಳಬಹುದು. 1964ರಲ್ಲಿ ಫ್ರಾನ್ಸಿನಲ್ಲಿ ಜಾನ್ ವಾನಿಯೆ ಎಂಬವರು ಇಂತಹ ಇಬ್ಬರೊಡನೆ ಒಂದೇ ಮನೆಯಲ್ಲಿ ಬಾಳತೊಡಗಿದರು. ಅದೇ ‘ಲಾರ್ಷ್’ ಎಂಬ ಸಮುದಾಯಗಳಿಗೆ ಮೂಲವಾಯಿತು. 1970ರಲ್ಲಿ ಬೆಂಗಳೂರಿನ ಆಶಾನಿಕೇತನ ಹುಟ್ಟಿತು. ಲೋಕವು ವಾನಿಯೆಯವರನ್ನು ಸಂತರಂತೆ ಕಂಡಿತು. 2019ರಲ್ಲಿ ಅವರು ತೀರಿಕೊಂಡರು. ಅವರು ಕನಿಷ್ಠ 25 ಮಹಿಳೆಯರನ್ನು ದುರುಪಯೋಗಪಡಿಸಿಕೊಂಡಿದ್ದರೆಂದು, ಸಂಸ್ಥೆಯೇ ಮಾಡಿಸಿದ ತನಿಖೆಯ ವರದಿ 2023ರಲ್ಲಿ ತಿಳಿಸಿತು. ಬೌದ್ಧಿಕ ನ್ಯೂನತೆಯುಳ್ಳವರು ಇದಕ್ಕೆ ಬಲಿಯಾದ ಕುರುಹು ಸಿಗಲಿಲ್ಲ. ಒಟ್ಟಿಗೆ ಬಾಳುವ ಆದರ್ಶ ಇದರಿಂದ ಸುಳ್ಳಾಗದು. ತನ್ನ ಕಳಂಕವನ್ನು ತಾನೇ ಬಯಲುಮಾಡಿದ ಸಂಸ್ಥೆಯ ಧೈರ್ಯವೂ ಸ್ತುತ್ಯವೇ. ಆದರೆ ಸಜ್ಜನಿಕೆಯ ಖ್ಯಾತಿಯು ಪರಿಶೀಲನೆಗೆ ಬದಲಿಯಾಗಲಾರದೆಂಬುದು ಸ್ಪಷ್ಟ. ಅಂಗಡಿಯ ಗುಮಾಸ್ತ ಪ್ರಾಮಾಣಿಕನೆಂದು ನಾವು ಖಾತೆ ನೋಡುವುದನ್ನು ಬಿಡುತ್ತೇವೆಯೇ?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಒಂದು ಹೆಜ್ಜೆ ಮುಂದಿದೆ. ಸಮುದಾಯದ ನಡುವೆ ಬಾಳುವುದು ಹಕ್ಕು. ಇಂತಹದೇ ವ್ಯವಸ್ಥೆಯಲ್ಲಿ ಇರಬೇಕೆಂಬ ನಿರ್ಬಂಧ ಸಲ್ಲದು ಎನ್ನುತ್ತದೆ. ಈ ಮಾತಿಗೆ ಜೀವ ತುಂಬುವುದೇ ವಸತಿಧಾಮಗಳಲ್ಲಿ ಸಮಾಜಕಾರ್ಯದ ನಿಜವಾದ ಹೊಣೆ. ನಿವಾಸಿಯು ತನ್ನ ಬಟ್ಟೆಯನ್ನು ತಾನೇ ಆರಿಸಿದನೇ? ಈ ತಿಂಗಳು ಎಷ್ಟು ಸಲ ಪೇಟೆಗೆ ಹೋದನು? ಹೊರಗಿನ ಸ್ನೇಹಿತರು ಯಾರು? ಆತನು ಬೇಡವೆಂದಾಗ ಯಾರು ಕೇಳಿದರು? ಮಾತು ಬಾರದವನ ಮುಖಭಾವವನ್ನೂ ಓದಿ ಬರೆದಿಡುವ ಪುಸ್ತಕವೊಂದಿರಬೇಕು. ಸಂಸ್ಥೆಯ ಹೊರಗಿನವರು ಅದನ್ನು ತೆರೆದು ನೋಡುವಂತಿರಬೇಕು.

ಹುಟ್ಟುಹಬ್ಬಗಳಂದು ಇಂತಹ ಧಾಮಗಳಲ್ಲಿ ಸಿಹಿ ಹಂಚಿ ಬರುವ ದಾನಿಗಳು ನಮ್ಮಲ್ಲಿ ಅನೇಕರು. ಅನ್ನದಾನ ಒಳ್ಳೆಯದೇ. ಮುಂದಿನ ಸಲ ರಸೀದಿಯೊಡನೆ ಈ ಎರಡನೆಯ ಪುಸ್ತಕವನ್ನೂ ಕೇಳಿ ನೋಡಲಿ. ದಾನಿಯು ಕೇಳಿದರೆ ಅದನ್ನು ಬರೆಯುವವರು ಹುಟ್ಟುತ್ತಾರೆ.