ಸಿಂಗಳೀಕದ ಎತ್ತರ

ಕುದುರೆಮುಖಕ್ಕೆ ಹೋಗಿಬಂದವರನ್ನು ಕೇಳಿ ನೋಡಿ. ಮುಳ್ಳೋಡಿಯಿಂದ ಎಷ್ಟು ಹೊತ್ತಿಗೆ ಹೊರಟೆವು, ಎಷ್ಟು ಹೊತ್ತಿಗೆ ತುದಿ ಮುಟ್ಟಿದೆವು ಎಂಬ ಲೆಕ್ಕವನ್ನೇ ಒಪ್ಪಿಸುತ್ತಾರೆ. ಹತ್ತಿರ ಹತ್ತಿರ 1,900 ಮೀಟರ್ ಎತ್ತರದ ತುದಿ ಏರಿದ ಹೆಮ್ಮೆ ಸಹಜವೇ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಶಿಖರಕ್ಕಾಗಿ ಅಲ್ಲ, ಒಂದು ಮಂಗನಿಗಾಗಿ. 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಲೆನಾಡಿನ ಸಿಂಗಳೀಕಗಳ ಸಮೀಕ್ಷೆ ಮಾಡಿ, ಇಲ್ಲಿ ಅವುಗಳ ದೊಡ್ಡ ನೆಲೆಯಿದೆ ಎಂದು ವರದಿ ಕೊಟ್ಟರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದರ ಮಡಿಲಲ್ಲೇ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿ ನಿಲ್ಲಲು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. 2005ರ ಕೊನೆಗೆ ನಿಂತಿತು.

ಮೇಲಿನ ಹುಲ್ಲುಗುಡ್ಡ, ಶೋಲಾ ಕಾಡುಗಳ ಚೆಲುವು ಎಲ್ಲರಿಗೂ ಗೊತ್ತು. ನನಗೆ ಪ್ರಿಯವಾದದ್ದು ಇಳಿಜಾರಿನ ನಿತ್ಯಹರಿದ್ವರ್ಣ ಕಾಡು. ಬೆಳಗಿನ ಹೊತ್ತು ಅಲ್ಲಿ ಮಾತು ನಿಲ್ಲಿಸಿ, ಇಂಬಳಗಳನ್ನು ಸಹಿಸಿಕೊಂಡು, ಕತ್ತೆತ್ತಿ ನಿಲ್ಲಬೇಕು. ಮೊದಲು ಕೇಳುವುದು ಸಿಂಗಳೀಕ ಗುಂಪಿನ ದೊಡ್ಡ ಗಂಡಿನ ಕೂಗು, ಆಮೇಲೆ ಕೊಂಬೆ ಅಲುಗುವ ಸದ್ದು. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಗೆ ಕುಚ್ಚು. ಒಂದು ಹೆಣ್ಣು ಒಣತೊಗಟೆಯನ್ನು ಬೆರಳಿನಿಂದ ಎಬ್ಬಿಸುತ್ತದೆ, ಹುಳ ಸಿಕ್ಕರೆ ಬಾಯಿಗೆ. ಸುರುಳಿ ಸುತ್ತಿದ ಎಲೆಯನ್ನೂ ಬಿಡಿಸಿ ನೋಡದೆ ಮುಂದೆ ಹೋಗುವುದಿಲ್ಲ. ಹಣ್ಣು ಸಿಕ್ಕಿತೋ, ಕೆನ್ನೆಚೀಲ ಉಬ್ಬುವಷ್ಟು ತುರುಕಿಕೊಳ್ಳುತ್ತದೆ. ಅದರ ಹೊಟ್ಟೆಗೆ ಅಂಟಿಕೊಂಡ ಮರಿಗೆ ಕೇಸರ ಇನ್ನೂ ಮೂಡಿಲ್ಲ. ಇಂಥದ್ದೊಂದು ಗುಂಪನ್ನು ಅರ್ಧ ಗಂಟೆ ನೋಡಿದವರಿಗೆ ಹುಲಿ ಕಾಣಲಿಲ್ಲವಲ್ಲ ಎಂಬ ಕೊರಗು ಉಳಿಯಲಾರದು.

ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಂಗಳೀಕವಿಲ್ಲ. ಬದುಕೆಲ್ಲ ಮರದ ಮೇಲೆಯೇ. ಕೊಂಬೆಗೆ ಕೊಂಬೆ ತಾಗುತ್ತಿದ್ದರೆ ನೆಲಕ್ಕಿಳಿಯುವ ಅಗತ್ಯ ಬರುವುದೇ ಅಪರೂಪ. ಹಾಗಾಗಿ ಘಟ್ಟದ ರಸ್ತೆ ಅಗಲವಾದಷ್ಟೂ ಇವುಗಳಿಗೆ ಸಂಕಷ್ಟ. ಮೇಲಿನ ದಾರಿ ತುಂಡಾದ ಕಡೆ ಡಾಂಬರಿಗೆ ಇಳಿದೇ ದಾಟಬೇಕು. ಹಾಗೆ ಇಳಿದವಕ್ಕೆ ಕಾರಿನ ಕಿಟಕಿಯಿಂದ ಬಿಸ್ಕತ್ತು ಎಸೆಯುವವರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರುಚಿ ಹತ್ತಿದ ಮಂಗ ನಾಳೆಯೂ ಅದೇ ತಿರುವಿನಲ್ಲಿ ಕಾಯುತ್ತದೆ, ಲಾರಿಗಳು ಬರುವುದೂ ಅದೇ ತಿರುವಿನಲ್ಲಿ. ದಯವಿಟ್ಟು ಏನನ್ನೂ ಕೊಡಬೇಡಿ. ವೇಗ ತಗ್ಗಿಸಿ, ಅವು ದಾಟುವವರೆಗೆ ಕಾದು, ಮುಂದೆ ಹೋಗಿ.